ಮನೆಬಳಕೆಗೆ ಕೈಗೆಟಕುವ, ನಂಬಬಹುದಾದ ಚೈನ್‌ಸಾ ಯಾವುದು?

ಹಿತ್ತಲು:

ಮನೆಯ ಸುತ್ತಲಿನ ಮರಗಳ ಒಣಕೊಂಬೆ ತೆಗೆಯಲು, ಗಾಳಿಗೆ ಉರುಳಿದ ಮರವನ್ನು ತುಂಡು ಮಾಡಲು, ಒಲೆಗೆ ಬೇಕಾಗುವಷ್ಟು ಸೌದೆ ಕೊಯ್ದುಕೊಳ್ಳಲು ಒಂದು ಚೈನ್‌ಸಾ ಕೊಳ್ಳಬೇಕೆಂದಿದ್ದೇನೆ. ದಿನವೂ ನಡೆಸುವ ಯಂತ್ರವಲ್ಲ. ತಿಂಗಳಿಗೊಂದೆರಡು ಬಾರಿ ಹೊರಗೆ ತೆಗೆದರೆ ಹೆಚ್ಚು, ನಡುವೆ ಕೆಲವು ತಿಂಗಳು ಮೂಲೆಯಲ್ಲೇ ಕುಳಿತಿರಬಹುದು. ದಿಮ್ಮಿಗಳು ಸಾಮಾನ್ಯವಾಗಿ ಒಂದು ಅಡಿಗಿಂತ ದಪ್ಪವಿರುವುದಿಲ್ಲ.

ಹೆಸರೇ ಕೇಳದ ಕಂಪನಿಯ 58 ಸಿಸಿ ಯಂತ್ರವೊಂದು ಹೆಸರಾಂತ ಕಂಪನಿಯ 30 ಸಿಸಿ ಯಂತ್ರಕ್ಕಿಂತ ಬಹಳ ಅಗ್ಗವಾಗಿ ಸಿಗುತ್ತಿದೆ. ಕಡಿಮೆ ಹಣಕ್ಕೆ ಇಮ್ಮಡಿ ಶಕ್ತಿ ಸಿಗುವುದಾದರೆ ಅದನ್ನು ಬಿಡುವುದು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪೆಟ್ರೋಲ್, ಬ್ಯಾಟರಿ, ವೈರ್ ಜೋಡಿಸುವ ವಿದ್ಯುತ್ ಯಂತ್ರ ಈ ಮೂರರಲ್ಲಿ ನನ್ನಂಥವರಿಗೆ ಯಾವುದು ಸರಿ? ತಿಂಗಳುಗಟ್ಟಲೆ ಮುಟ್ಟದಿದ್ದರೂ ಬೇಕಾದಾಗ ಸ್ಟಾರ್ಟ್ ಆಗಬೇಕು, ಕೆಟ್ಟರೆ ರಿಪೇರಿಯಾಗಬೇಕು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಯಂತ್ರಶಾಲೆ:

ಸಣ್ಣ ಎಂಜಿನ್‌ಗಳ ರಿಪೇರಿ ನನ್ನ ಕಸುಬು. ಯಾವ ಯಂತ್ರ ಕೊಳ್ಳಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು, ರಿಪೇರಿಗೆ ಬರುವ ಚೈನ್‌ಸಾಗಳಲ್ಲಿ ನಿಜವಾಗಿ ಏನು ಕೆಟ್ಟಿರುತ್ತದೆ ಎಂಬುದನ್ನು. ಹೆಚ್ಚಿನವುಗಳಲ್ಲಿ ಎಂಜಿನ್ ಚೆನ್ನಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಳಸಿ ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳನ್ನು ಕಟ್ಟಿಸಿರುತ್ತದೆ, ಇಲ್ಲವೇ ಚೈನ್ ಮೊಂಡಾಗಿದ್ದು ಮಾಲೀಕರು ಯಂತ್ರಕ್ಕೆ ಶಕ್ತಿಯೇ ಇಲ್ಲವೆಂದು ಭಾವಿಸಿರುತ್ತಾರೆ. ಈ ಎರಡು ತೊಂದರೆಗಳು ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಒಂದೇ ರೀತಿ ಬರುತ್ತವೆ. ಆದ್ದರಿಂದ ನಂಬಿಕೆಯ ಅರ್ಧಭಾಗ ಕೊಳ್ಳುವ ಯಂತ್ರದಲ್ಲಿದೆ, ಇನ್ನರ್ಧ ಇಟ್ಟುಕೊಳ್ಳುವ ರೀತಿಯಲ್ಲಿದೆ.

ಈಗ 58 ಸಿಸಿಯ ವಿಷಯ. ಸಿಸಿ ಎಂದರೆ ಸಿಲಿಂಡರ್‌ನ ಒಳಗಾತ್ರವೇ ಹೊರತು ಶಕ್ತಿಯ ಅಳತೆಯಲ್ಲ. ಹಸ್ಕ್‌ವರ್ನಾ 120 ಮಾರ್ಕ್ 2 ಎಂಬ ಮನೆಬಳಕೆಯ ಯಂತ್ರ 38.2 ಸಿಸಿಯದು, ಶಕ್ತಿ ಸುಮಾರು 1.4 ಕಿಲೋವ್ಯಾಟ್. ಸ್ಟಿಲ್ ಎಂಎಸ್ 180 ಯಂತ್ರ 31.8 ಸಿಸಿಯದು, ಅದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆರು ಸಿಸಿಗೂ ಹೆಚ್ಚಿನ ಅಂತರವಿದ್ದರೂ ಮರದ ಮೇಲೆ ಬೀಳುವ ಬಲ ಒಂದೇ ಆಗಿದೆ ಎಂದಾದರೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಸಿಸಿಯನ್ನು ನೋಡಿ ಆರಿಸುವುದರಲ್ಲಿ ಹುರುಳಿಲ್ಲ. ಕಿಲೋವ್ಯಾಟ್ ಎಷ್ಟು, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮತ್ತು ಚೈನ್ ಬಿಟ್ಟು ತೂಕ ಎಷ್ಟು ಎಂಬ ಎರಡು ಅಂಕಿಗಳನ್ನು ಕೇಳಿ.

ಅದಲ್ಲದೆ ಮುದ್ರಿಸಿದ ಸಿಸಿ ಸರಿಯೇ ಎಂಬುದನ್ನೂ ಪರೀಕ್ಷಿಸಬಹುದು. ಕೈಪಿಡಿಯಲ್ಲಿ ಸಿಲಿಂಡರ್‌ನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರ ಕೊಟ್ಟಿದ್ದರೆ, ವ್ಯಾಸವನ್ನು ಅದರಿಂದಲೇ ಗುಣಿಸಿ, ಚಲನೆಯ ದೂರದಿಂದ ಮತ್ತೆ ಗುಣಿಸಿ, 0.785ರಿಂದ ಇನ್ನೊಮ್ಮೆ ಗುಣಿಸಿದರೆ ಗಾತ್ರ ಬರುತ್ತದೆ; ಅಳತೆ ಮಿಲಿಮೀಟರ್‌ನಲ್ಲಿದ್ದರೆ ಸಿಸಿಗಾಗಿ 1000ದಿಂದ ಭಾಗಿಸಬೇಕು. 40 ಮಿಲಿಮೀಟರ್ ವ್ಯಾಸ, 32 ಮಿಲಿಮೀಟರ್ ಚಲನೆಯಿದ್ದರೆ ಅದು 40.2 ಸಿಸಿ. ಹೆಸರಿಲ್ಲದ ಯಂತ್ರಗಳ ಕೈಪಿಡಿಯಲ್ಲಿ ಈ ಅಂಕಿಗಳೇ ಇಲ್ಲದಿದ್ದರೆ, ಅಥವಾ ಇದ್ದೂ ಹೊಂದಿಕೆಯಾಗದಿದ್ದರೆ, ತಯಾರಕರು ಉಳಿದ ವಿಷಯಗಳಲ್ಲಿ ಎಷ್ಟು ಕಾಳಜಿ ವಹಿಸಿದ್ದಾರೆಂಬುದು ಅಲ್ಲಿಂದಲೇ ತಿಳಿಯುತ್ತದೆ.

ನಿಮ್ಮ ಕೆಲಸಕ್ಕೆ 30ರಿಂದ 40 ಸಿಸಿ, 1.2ರಿಂದ 1.6 ಕಿಲೋವ್ಯಾಟ್, 14 ಅಥವಾ 16 ಇಂಚಿನ ಬಾರ್ ಇರುವ ಪೆಟ್ರೋಲ್ ಯಂತ್ರ ಸಾಕು. ಸ್ಟಿಲ್ ಎಂಎಸ್ 170 (30.1 ಸಿಸಿ), ಎಕೋ ಸಿಎಸ್-310 (30.5 ಸಿಸಿ) ಮತ್ತು ಮೇಲೆ ಹೇಳಿದ ಎರಡು, ಇವೆಲ್ಲ ಈ ವರ್ಗದವು. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ವಾದಿಸುವುದಕ್ಕಿಂತ, ನಿಮಗೆ ಹತ್ತಿರದಲ್ಲಿ ಯಾವುದರ ಬಿಡಿಭಾಗ ಸಿಗುತ್ತದೆ, ಯಾವುದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇದ್ದಾರೆ ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿ. ಅಂಗಡಿಗೆ ಹೋದಾಗ ಏರ್ ಫಿಲ್ಟರ್, ಪೆಟ್ರೋಲ್ ಪೈಪ್, ಎಳೆಹಗ್ಗದ ಸ್ಪ್ರಿಂಗ್, ಚೈನ್‌ಗೆ ಎಣ್ಣೆ ಹಾಯಿಸುವ ಪಂಪ್ ಈ ನಾಲ್ಕನ್ನು ಹೆಸರಿಸಿ ಬೆಲೆ ಕೇಳಿ ನೋಡಿ. ಕೂಡಲೇ ಉತ್ತರ ಬಂದರೆ ಆ ಯಂತ್ರವನ್ನು ಕೊಳ್ಳಬಹುದು. ತರಿಸಿಕೊಡುತ್ತೇವೆ ಎಂಬ ಉತ್ತರ ಬಂದರೆ ಯಂತ್ರ ಎಷ್ಟೇ ಅಗ್ಗವಾದರೂ ಯೋಚಿಸಿ.

ಹಸಿರೆಲೆ:

ಯಂತ್ರಶಾಲೆಯವರು ಹೇಳಿದ್ದನ್ನು ಗೌರವದಿಂದ ಒಪ್ಪಿಕೊಂಡೇ ಒಂದು ಮಾತು ಸೇರಿಸುತ್ತೇನೆ. ಹಿತ್ತಲು ಅವರು ತಿಂಗಳಿಗೊಂದೆರಡು ಬಾರಿ ಬಳಸುತ್ತಾರೆ, ನಡುವೆ ಯಂತ್ರ ಸುಮ್ಮನೆ ಕುಳಿತಿರುತ್ತದೆ. ಹಳಸಿದ ಪೆಟ್ರೋಲ್, ಕಟ್ಟಿಕೊಂಡ ಕಾರ್ಬ್ಯುರೇಟರ್, ಹಗ್ಗ ಎಳೆದು ಎಳೆದು ಸೋಲುವ ಭುಜ, ಇವೆಲ್ಲವೂ ಇಂಥ ಬಳಕೆಯವರನ್ನೇ ಕಾಡುವ ತೊಂದರೆಗಳು. ಬ್ಯಾಟರಿ ಯಂತ್ರದಲ್ಲಿ ಇವು ಯಾವುವೂ ಇಲ್ಲ. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎರಡು ಕೊಯ್ತದ ನಡುವೆ ಎಂಜಿನ್ ಸುಮ್ಮನೆ ಉರಿಯುತ್ತಿರುವುದಿಲ್ಲ. ಒಂದು ಅಡಿ ದಪ್ಪದವರೆಗಿನ ಮರಕ್ಕೆ 14 ಅಥವಾ 16 ಇಂಚಿನ ಬ್ಯಾಟರಿ ಯಂತ್ರ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ನನ್ನ ಬಳಕೆಯಿಂದಲೇ ಹೇಳಬಲ್ಲೆ.

ಆದರೆ ಕೊಳ್ಳುವ ಮುನ್ನ ಬ್ಯಾಟರಿಯ ಲೆಕ್ಕ ತಿಳಿದಿರಬೇಕು. ವೋಲ್ಟ್‌ನ ಅಂಕಿ ನೋಡಿ ಮರುಳಾಗಬಾರದು. 40 ವೋಲ್ಟ್ ಎಂದು ಬರೆದಿರುವ ಬಹುತೇಕ ಬ್ಯಾಟರಿಗಳು ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ ಮಾತ್ರ ಅಷ್ಟು ತೋರಿಸುತ್ತವೆ, ಕೆಲಸ ಮಾಡುವಾಗ ಅವು 36 ವೋಲ್ಟ್‌ನವೇ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿದಾಗ ಬರುವ ವ್ಯಾಟ್-ಅವರ್ ನಿಜವಾದ ಅಳತೆ. 36 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 180 ವ್ಯಾಟ್-ಅವರ್ ಇರುತ್ತದೆ. ಮರ ಕೊಯ್ಯುವಾಗ ಯಂತ್ರ ಸರಾಸರಿ 1000 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ ಅದು ಹತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ. ಕೇಳಲು ಕಡಿಮೆ ಎನಿಸಿದರೂ ಇದು ಹಲ್ಲು ಮರದೊಳಗೆ ಇರುವ ಹೊತ್ತಿನ ಲೆಕ್ಕ. ದಿಮ್ಮಿ ಉರುಳಿಸುವುದು, ತುಂಡುಗಳನ್ನು ಬದಿಗೆ ಸರಿಸುವುದು, ಮುಂದಿನ ಕೊಯ್ತಕ್ಕೆ ಜಾಗ ನೋಡುವುದು ಎಲ್ಲ ಸೇರಿ ಅರ್ಧ ಗಂಟೆಗೂ ಮೇಲ್ಪಟ್ಟ ಕೆಲಸವಾಗುತ್ತದೆ. ಎರಡು ಬ್ಯಾಟರಿ ಇದ್ದರೆ ಮನೆಮಟ್ಟಿಗೆ ಒಂದು ಬೆಳಗಿನ ಕೆಲಸ ಮುಗಿದಂತೆಯೇ.

ಈಗಾಗಲೇ ಹುಲ್ಲು ಕತ್ತರಿಸುವ ಯಂತ್ರವೋ ಡ್ರಿಲ್ಲೋ ಇದ್ದು, ಅದರ ಬ್ಯಾಟರಿಯೇ ಹೊಂದುವ ಚೈನ್‌ಸಾ ಅದೇ ಕಂಪನಿಯಲ್ಲಿದ್ದರೆ ಬ್ಯಾಟರಿಯಿಲ್ಲದ ಬರಿಯ ಯಂತ್ರವನ್ನು ಕೊಂಡರಾಯಿತು. ಖರ್ಚು ಬಹಳ ಇಳಿಯುತ್ತದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ ತಿಂಗಳುಗಟ್ಟಲೆ ಇಡಬಾರದು, ಅರ್ಧದಷ್ಟು ಚಾರ್ಜ್ ಇಟ್ಟು ಬಿಸಿಲು ತಾಗದ ಕಡೆ ಇಡಬೇಕು.

ದಿಮ್ಮಿ:

ಹಸಿರೆಲೆ ಅವರೇ, ಕೊಂಬೆ ಸವರುವವರಿಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಪ್ರಶ್ನೆ ಕೇಳಿದವರು ಉರುಳಿದ ಮರವನ್ನೂ ಸೌದೆಯನ್ನೂ ಹೇಳಿದ್ದಾರೆ. ಗಾಳಿಮಳೆಯಲ್ಲಿ ಮರ ಬಿದ್ದಾಗ ಕರೆಂಟ್ ಇರುವುದಿಲ್ಲ; ಎರಡು ಬ್ಯಾಟರಿ ಮುಗಿದ ಮೇಲೆ ದಾರಿಗೆ ಅಡ್ಡಬಿದ್ದ ಮರ ಅಡ್ಡವಾಗಿಯೇ ಇರುತ್ತದೆ. ಪೆಟ್ರೋಲ್ ಯಂತ್ರಕ್ಕೆ ಎಣ್ಣೆ ಬೆರೆಸಿದ ಪೆಟ್ರೋಲ್ ಒಂದು ಲೀಟರ್ ಪಕ್ಕದಲ್ಲಿದ್ದರೆ ಕೆಲಸ ನಿಲ್ಲುವುದಿಲ್ಲ. ಬ್ಯಾಟರಿಗೆ ವಯಸ್ಸೂ ಇದೆ. ಕೆಲವು ವರ್ಷಗಳ ನಂತರ ಹೊಸ ಬ್ಯಾಟರಿಯ ಬೆಲೆ ಕೇಳಿದಾಗ, ಅದೇ ಹೊಂದಿಕೆಯ ಬ್ಯಾಟರಿಯನ್ನು ಕಂಪನಿ ಇನ್ನೂ ಮಾಡುತ್ತಿದೆಯೇ ಎಂಬ ಪ್ರಶ್ನೆ ಮೊದಲು ಬರುತ್ತದೆ.

ನಾನು ಹೇಳಬೇಕೆಂದಿರುವುದು ಬಾರ್‌ನ ಉದ್ದದ ಬಗ್ಗೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಉದ್ದದ ಬಾರ್ ಇದ್ದರೆ ಹೆಚ್ಚು ಕೆಲಸ ಆಗುತ್ತದೆ ಎಂದು 30 ಸಿಸಿ ಯಂತ್ರಕ್ಕೆ 18 ಅಥವಾ 20 ಇಂಚಿನ ಬಾರ್ ಹಾಕಿಸಿಕೊಳ್ಳುವವರಿದ್ದಾರೆ. ಬಾರ್ ಉದ್ದವಾದಂತೆ ಎಳೆಯಬೇಕಾದ ಚೈನ್ ಹೆಚ್ಚುತ್ತದೆ, ಮರದೊಳಗೆ ಒಂದೇ ಹೊತ್ತಿಗೆ ಕಚ್ಚುವ ಹಲ್ಲುಗಳು ಹೆಚ್ಚುತ್ತವೆ, ಚೈನ್‌ಗೆ ಹಾಯಬೇಕಾದ ಎಣ್ಣೆ ಹೆಚ್ಚುತ್ತದೆ. ಎಂಜಿನ್ ಮತ್ತು ಎಣ್ಣೆಯ ಪಂಪ್ ಮಾತ್ರ ಇದ್ದಷ್ಟೇ ಇರುತ್ತವೆ. ಮುಂಭಾರ ಹೆಚ್ಚಿ ಬೆನ್ನು ಬೇಗ ಸೋಲುತ್ತದೆ. ಸಾಮಾನ್ಯವಾಗಿ ಕೊಯ್ಯುವ ದಿಮ್ಮಿಯ ದಪ್ಪಕ್ಕಿಂತ ಎರಡು ಇಂಚು ಉದ್ದವಿರುವ ಬಾರ್ ಸಾಕು. ಅಪರೂಪಕ್ಕೆ ಸಿಗುವ ದಪ್ಪ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ದರೆ 14 ಇಂಚಿನ ಬಾರ್‌ನಲ್ಲೂ ಎರಡು ಅಡಿಯ ಹತ್ತಿರದ ದಪ್ಪ ಮುಗಿಸಬಹುದು. ನನ್ನನ್ನು ಕೇಳಿದರೆ ನಿಮಗೆ 14 ಇಂಚೇ ಸರಿ. 16ಕ್ಕೆ ಹೋದರೂ ತಪ್ಪಿಲ್ಲ, ಅದರಾಚೆ ಬೇಡ.

ಹಿತ್ತಲು:

ಇಷ್ಟು ವಿವರವಾಗಿ ಬರೆದವರೆಲ್ಲರಿಗೂ ವಂದನೆಗಳು. ಇನ್ನೆರಡು ಸಂದೇಹಗಳಿವೆ. ಹೆಚ್ಚಿನ ಕೊಯ್ತವನ್ನು ಮನೆಯ ಅಂಗಳದಲ್ಲೇ ಮಾಡುವುದರಿಂದ ವೈರ್ ಇರುವ ವಿದ್ಯುತ್ ಚೈನ್‌ಸಾ ಸಾಕಾಗಬಹುದೇ? ಅದು ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತಿದೆ. ಇನ್ನೊಂದು, ಒಳ್ಳೆಯ ಕಂಪನಿಯ ಹಳೆಯ ಪೆಟ್ರೋಲ್ ಯಂತ್ರವನ್ನು ಕೊಳ್ಳುವುದಾದರೆ ಏನನ್ನು ನೋಡಬೇಕು?

ಕೂಡುದಾರಿ:

ವೈರ್ ಯಂತ್ರದ ಬಗ್ಗೆ ನಾನು ಹೇಳಬಲ್ಲೆ. ಸೌದೆಯನ್ನು ಒಂದೇ ಕಡೆ ತಂದು ಕೊಯ್ಯುವವರಿಗೆ ಇದಕ್ಕಿಂತ ಕಡಿಮೆ ಖರ್ಚಿನ, ಕಡಿಮೆ ತೊಂದರೆಯ ಯಂತ್ರವಿಲ್ಲ. 1800ರಿಂದ 2000 ವ್ಯಾಟ್ ಇರುವ ಯಂತ್ರ ಸಣ್ಣ ಪೆಟ್ರೋಲ್ ಯಂತ್ರಕ್ಕೆ ಹೆಗಲೆಣೆಯಾಗಿ ನಿಲ್ಲುತ್ತದೆ, ಹೊಗೆಯಿಲ್ಲ, ಕಾರ್ಬ್ಯುರೇಟರ್ ಇಲ್ಲ, ವರ್ಷ ಕಳೆದ ಮೇಲೆ ತೆಗೆದರೂ ಓಡುತ್ತದೆ.

ಇದನ್ನು ಹಾಳುಮಾಡುವುದು ಹೆಚ್ಚಾಗಿ ತೆಳುವಾದ ಎಕ್ಸ್‌ಟೆನ್ಶನ್ ವೈರ್. 230 ವೋಲ್ಟ್‌ನಲ್ಲಿ 2000 ವ್ಯಾಟ್ ಯಂತ್ರ 8.7 ಆಂಪಿಯರ್ ಎಳೆಯುತ್ತದೆ. 1 ಚದರ ಮಿಲಿಮೀಟರ್ ತಾಮ್ರದ ವೈರನ್ನು 50 ಮೀಟರ್ ಎಳೆದರೆ ದಾರಿಯಲ್ಲೇ ಸುಮಾರು 17 ವೋಲ್ಟ್ ಕಳೆದುಹೋಗುತ್ತದೆ. ಮೋಟಾರ್ ಎಳೆಯಲಾರದೆ ಬಿಸಿಯಾಗುತ್ತದೆ, ಸುರುಳಿ ಬಿಚ್ಚದೆ ಬಳಸಿದರೆ ವೈರ್ ಕೂಡ ಕಾಯುತ್ತದೆ. 1.5 ಚದರ ಮಿಲಿಮೀಟರ್ ವೈರ್ 30 ಮೀಟರ್ ಇದ್ದರೆ ನಷ್ಟ ಆರೇಳು ವೋಲ್ಟ್ ಮಾತ್ರ. ಅದಕ್ಕಿಂತ ದೂರವಾದರೆ 2.5 ಚದರ ಮಿಲಿಮೀಟರ್‌ನದೇ ಬೇಕು. ವೈರನ್ನು ಯಾವಾಗಲೂ ಬೆನ್ನ ಹಿಂದಿನಿಂದ, ಬಲಭುಜದ ಕಡೆಯಿಂದ ಬರುವಂತೆ ಇಟ್ಟುಕೊಳ್ಳಿ. 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದ ಪ್ಲಗ್‌ಗೆ ಈ ಯಂತ್ರವನ್ನು ಜೋಡಿಸಲೇಬಾರದು. ಮಳೆಯಲ್ಲಿ, ಒದ್ದೆ ಹುಲ್ಲಿನ ಮೇಲೆ ಬಳಕೆ ಬೇಡ.

ಯಂತ್ರಶಾಲೆ:

ಹಳೆಯ ಯಂತ್ರ ಕೊಳ್ಳುವುದು ಜಾಣತನವೇ, ಆದರೆ ನೋಡಿ ಕೊಳ್ಳಬೇಕು. ಸೈಲೆನ್ಸರ್‌ನ ಬೋಲ್ಟುಗಳನ್ನು ಬಿಚ್ಚಿ ತೆಗೆದರೆ ಹೊಗೆ ಹೊರಬರುವ ಕಿಂಡಿಯಿಂದ ಪಿಸ್ಟನ್ ನೇರವಾಗಿ ಕಾಣುತ್ತದೆ. ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಟಾರ್ಚ್ ಹಿಡಿದು ನೋಡಿ. ಪಿಸ್ಟನ್‌ನ ಬದಿ ನುಣುಪಾಗಿದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಗೀರುಗಳಿದ್ದರೆ ಯಾರೋ ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದ್ದಾರೆ, ಅಥವಾ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾದಿದೆ ಎಂದರ್ಥ. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಾರುವವರು ಸೈಲೆನ್ಸರ್ ಬಿಚ್ಚಲು ಬಿಡದಿದ್ದರೆ ಅಲ್ಲಿಂದ ಹೊರಟುಬಿಡಿ.

ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರ್‌ನೊಳಗೆ ಗಾಳಿಯನ್ನು ಅದುಮುವ ಒತ್ತಡ, ಪರೀಕ್ಷಿಸಲು ಗೇಜ್ ಇದ್ದರೆ ಎಂಜಿನ್ ತಣ್ಣಗಿರುವಾಗ 150 ಪಿಎಸ್ಐ ಹತ್ತಿರ ತೋರಿಸಬೇಕು. 110ಕ್ಕಿಂತ ಕೆಳಗಿದ್ದರೆ ಎಂಜಿನ್ ಸವೆದಿದೆ. ಗೇಜ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಸ್ವಿಚ್ ಆಫ್ ಮಾಡಿ, ಯಂತ್ರವನ್ನು ಎಳೆಹಗ್ಗದ ಹಿಡಿಯಿಂದಲೇ ಮೇಲೆತ್ತಿ ತೂಗುಬಿಡಿ. ತಡೆತಡೆದು ಇಳಿದರೆ ಕಂಪ್ರೆಷನ್ ಇದೆ, ಹಗ್ಗ ಒಂದೇ ಸಮನೆ ಸರಸರನೆ ಬಿಚ್ಚಿಕೊಂಡರೆ ಇಲ್ಲ. ಕಂಪ್ರೆಷನ್ ತಗ್ಗಿಸಿ ಸುಲಭವಾಗಿ ಸ್ಟಾರ್ಟ್ ಮಾಡಿಸುವ ವಾಲ್ವ್ ಇರುವ ಯಂತ್ರವಾದರೆ ಅದನ್ನು ಒತ್ತದೆ ನೋಡಬೇಕು.

ಸ್ಟಾರ್ಟ್ ಮಾಡಿದ ಮೇಲೆ ಮೂರು ವಿಷಯಗಳು ಕಣ್ಣಿಗೆ ಬೀಳಬೇಕು. ರೇಸ್ ಬಿಟ್ಟಾಗ ಚೈನ್ ತಿರುಗಬಾರದು. ಮುಂದಿನ ಕೈಕಾಪು ತಳ್ಳಿದ ಕ್ಷಣವೇ ಬ್ರೇಕ್ ಬಿದ್ದು ಚೈನ್ ನಿಲ್ಲಬೇಕು. ಬಾರ್‌ನ ತುದಿಯನ್ನು ಒಂದು ಬಿಳಿ ರಟ್ಟಿನ ಕಡೆ ಹಿಡಿದು ರೇಸ್ ಕೊಟ್ಟರೆ ಎಣ್ಣೆಯ ಗೆರೆ ಮೂಡಬೇಕು. ಎಣ್ಣೆ ಹಾಯದ ಯಂತ್ರದಲ್ಲಿ ಬಾರ್ ನೀಲಿಗಟ್ಟುತ್ತದೆ, ಚೈನ್ ಬೇಗ ಹಿಗ್ಗುತ್ತದೆ.

ಇನ್ನು ಪೆಟ್ರೋಲ್. ಈ ಎಂಜಿನ್‌ಗಳಿಗೆ ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಹಾಕಬೇಕು. 50ಕ್ಕೆ 1 ಎಂದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿಲಿಲೀಟರ್ ಎಣ್ಣೆ. 25ಕ್ಕೆ 1 ಕೇಳುವ ಯಂತ್ರವಾದರೆ 40 ಮಿಲಿಲೀಟರ್. ಕಣ್ಣಂದಾಜು ಬೇಡ, ಅಳತೆಯ ಲೋಟವಿರಲಿ. ಎಣ್ಣೆ ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಅಥವಾ ಐಎಸ್‌ಒ ಎಲ್-ಇಜಿಡಿ ಎಂಬ ಗುಣಮಟ್ಟದ ಗುರುತಿರಬೇಕು. ದೋಣಿಯ ಎಂಜಿನ್‌ಗೆ ಮೀಸಲಾದ ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಂಪಾಗುವ ಎಂಜಿನ್‌ಗಾಗಿ ಮಾಡಿದ್ದು, ಗಾಳಿಯಿಂದ ತಂಪಾಗುವ ಚೈನ್‌ಸಾಗೆ ಅದು ಒಗ್ಗುವುದಿಲ್ಲ. ಪೆಟ್ರೋಲ್‌ನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ರಬ್ಬರ್ ಪೈಪುಗಳನ್ನೂ ಕಾರ್ಬ್ಯುರೇಟರ್ ಒಳಗಿನ ತೆಳುಪೊರೆಯನ್ನೂ ಕೆಡಿಸುತ್ತದೆ. ಹೆಚ್ಚಿನ ಕೈಪಿಡಿಗಳು ಎಥನಾಲ್ ಶೇಕಡ 10ನ್ನು ಮೀರಬಾರದೆನ್ನುತ್ತವೆ. ಬೆರೆಸಿದ ಪೆಟ್ರೋಲ್ ಒಂದು ತಿಂಗಳೊಳಗೆ ಮುಗಿಯಬೇಕು. ಮುಂದಿನ ಕೆಲಸ ದೂರವಿದೆ ಎನಿಸಿದರೆ ಟ್ಯಾಂಕ್ ಬರಿದುಮಾಡಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ ಇಡಿ. ಮೊಹರು ಮಾಡಿದ ಡಬ್ಬಿಯಲ್ಲಿ ಸಿಗುವ, ಎಥನಾಲ್ ಇಲ್ಲದ ಆಲ್ಕಿಲೇಟ್ ಇಂಧನ ವರ್ಷಗಟ್ಟಲೆ ಕೆಡುವುದಿಲ್ಲ. ಬೆಲೆ ಹೆಚ್ಚಾದರೂ ಅಪರೂಪಕ್ಕೆ ಬಳಸುವವರಿಗೆ ಒಂದು ಕಾರ್ಬ್ಯುರೇಟರ್ ರಿಪೇರಿಗಿಂತ ಅಗ್ಗವೇ.

ಮುಂಗೈ:

ಇಲ್ಲಿಯವರೆಗೆ ಎಲ್ಲರೂ ಯಂತ್ರದ ಬೆಲೆಯನ್ನೇ ಮಾತನಾಡುತ್ತಿದ್ದಾರೆ. ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಹೆಲ್ಮೆಟ್, ಮುಖದ ಜಾಲರಿ, ಕಿವಿಕಾಪು, ಕಾಲುಗವಸು ಮತ್ತು ಗಟ್ಟಿ ಬೂಟಿಗೆ ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಯಂತ್ರ ಆರಿಸಿ ಎಂದು ಬೇಡಿಕೊಳ್ಳುತ್ತೇನೆ. ಪೂರ್ತಿ ರೇಸ್‌ನಲ್ಲಿ ಚೈನ್ ಸೆಕೆಂಡಿಗೆ 18ರಿಂದ 20 ಮೀಟರ್ ಓಡುತ್ತದೆ. ಬಾರ್ ತುದಿಯ ಮೇಲಿನ ಕಾಲುಭಾಗ ಮರಕ್ಕೋ ಇನ್ನೊಂದು ಕೊಂಬೆಗೋ ತಗುಲಿದರೆ ಹಲ್ಲು ಕಚ್ಚಿಕೊಂಡು ಇಡೀ ಬಾರ್ ಮುಖದ ಕಡೆಗೆ ಚಿಮ್ಮುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಎಚ್ಚೆತ್ತು ಕೈ ಹಿಂದೆ ಸರಿಸುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಆದ್ದರಿಂದಲೇ ತಾನಾಗಿ ಬೀಳುವ ಚೈನ್ ಬ್ರೇಕ್ ಇಲ್ಲದ ಯಂತ್ರವನ್ನು, ಅದು ಹೊಸದಾಗಿರಲಿ ಹಳೆಯದಾಗಿರಲಿ, ಮನೆಯೊಳಗೆ ತರಬಾರದು. ಮನೆಬಳಕೆಯವರು ಕಿಕ್‌ಬ್ಯಾಕ್ ತಗ್ಗಿಸುವ ಚೈನ್ ಕೇಳಿ ಹಾಕಿಸಿಕೊಳ್ಳಬೇಕು. ಕೊಯ್ಯುವ ವೇಗ ತುಸು ಕಡಿಮೆಯಾಗುತ್ತದೆ, ಅದರಿಂದ ನಷ್ಟವೇನಿಲ್ಲ.

ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿನಿಂದ ಸುತ್ತಿಕೊಂಡಿರಬೇಕು. ಕೊಯ್ತದ ನೇರಕ್ಕೆ ನಿಲ್ಲದೆ ತುಸು ಎಡಕ್ಕೆ ನಿಲ್ಲಬೇಕು. ಭುಜಕ್ಕಿಂತ ಮೇಲೆ ಯಂತ್ರ ಎತ್ತಬಾರದು, ಏಣಿ ಹತ್ತಿ ಕೊಯ್ಯಲೇಬಾರದು. ಎತ್ತರದ ಕೊಂಬೆಗೆ ಉದ್ದ ಕೋಲಿನ ಗರಗಸ ಬೇರೆಯೇ ಸಿಗುತ್ತದೆ.

ಕಾಲುಗವಸಿನ ಒಳಗಿನ ಉದ್ದನೆಯ ನೂಲುಗಳು ಚೈನ್ ತಾಗಿದೊಡನೆ ಹೊರಬಂದು ಚೈನ್ ಓಡಿಸುವ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಇಎನ್ ಐಎಸ್‌ಒ 11393 ಮಾನದಂಡದಲ್ಲಿ 1ನೇ ವರ್ಗವೆಂದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನ್‌ನೊಂದಿಗೆ ಪರೀಕ್ಷೆಗೊಳಗಾದದ್ದು. ಮನೆಬಳಕೆಯ ಯಂತ್ರಕ್ಕೆ ಅದು ಹೊಂದುತ್ತದೆ. ಹಸಿರೆಲೆ ಮತ್ತು ಕೂಡುದಾರಿ ಅವರ ಗಮನಕ್ಕೆ ಒಂದು ಮಾತು: ವಿದ್ಯುತ್ ಮೋಟಾರ್ ಕಡಿಮೆ ವೇಗದಲ್ಲೂ ಬಲವಾಗಿ ಎಳೆಯುವುದರಿಂದ ನೂಲು ಸುತ್ತಿಕೊಂಡರೂ ಅದು ಪೆಟ್ರೋಲ್ ಎಂಜಿನ್‌ನಂತೆ ಬೇಗ ನಿಲ್ಲದೇ ಹೋಗಬಹುದು. ಸದ್ದು ಕಡಿಮೆ ಎಂಬ ಕಾರಣಕ್ಕೆ ಬ್ಯಾಟರಿ ಯಂತ್ರ ಆಟಿಕೆಯಲ್ಲ. ಸರಪಳಿ ಸರಿಪಡಿಸುವಾಗ ಬ್ಯಾಟರಿ ತೆಗೆದಿಡಿ.

ಉರುಳಿದ ಮರ ನಿಂತ ಮರಕ್ಕಿಂತ ಅಪಾಯಕಾರಿ. ಬಾಗಿ ನಿಂತ ಕೊಂಬೆಯ ಒಂದು ಬದಿ ಎಳೆತದಲ್ಲಿ, ಇನ್ನೊಂದು ಬದಿ ಒತ್ತಡದಲ್ಲಿ ಇರುತ್ತದೆ. ಒತ್ತಡದ ಬದಿಯಿಂದ ಮೊದಲು ಸ್ವಲ್ಪ ಕೊಯ್ದು, ಆಮೇಲೆ ಎಳೆತದ ಬದಿಯಿಂದ ಮುಗಿಸಬೇಕು. ಒತ್ತಡದ ಬದಿಯಲ್ಲಿ ಆಳಕ್ಕೆ ಹೋದರೆ ಬಾರ್ ಸಿಕ್ಕಿಕೊಳ್ಳುತ್ತದೆ, ಎಳೆತದ ಬದಿಯಲ್ಲಿ ಒಮ್ಮೆಲೇ ಕೊಯ್ದರೆ ಸೀಳಿ ಹಾರುತ್ತದೆ. ಒಂದೆರಡು ಪ್ಲಾಸ್ಟಿಕ್ ಬೆಣೆಗಳು ಜೊತೆಗಿರಲಿ. ಇನ್ನೊಂದು ಮರಕ್ಕೆ ಒರಗಿ ನಿಂತ ಮರವನ್ನು, ವಿದ್ಯುತ್ ತಂತಿಯ ಹತ್ತಿರದ ಮರವನ್ನು ಕಸುಬಿನವರಿಗೇ ಬಿಡಿ.

ಹಿತ್ತಲು:

ರಕ್ಷಣಾ ಸಾಮಗ್ರಿಯ ಖರ್ಚನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಮೊದಲು ಅದನ್ನೇ ತೆಗೆದಿಡುತ್ತೇನೆ. ಕರೆಂಟ್ ಹೋಗುವ ವಿಷಯ ನಮಗೆ ನಿಜವಾಗಿಯೂ ಅನ್ವಯಿಸುವುದರಿಂದ 30 ಸಿಸಿ ಪೆಟ್ರೋಲ್ ಯಂತ್ರದ ಕಡೆಗೆ ಮನಸ್ಸು ವಾಲುತ್ತಿದೆ. ಮೊಂಡಾದ ಚೈನ್ ಬಗ್ಗೆ ಯಂತ್ರಶಾಲೆ ಅವರು ಮೊದಲೇ ಎಚ್ಚರಿಸಿದ್ದಾರೆ. ಹರಿತ ಮಾಡುವುದನ್ನು ಮನೆಯಲ್ಲೇ ಕಲಿಯಬಹುದೇ, ಅಥವಾ ಪ್ರತಿ ಬಾರಿ ಅಂಗಡಿಗೆ ಕೊಡಬೇಕೇ?

ದಿಮ್ಮಿ:

ಕಲಿಯಲೇಬೇಕು. ಅಂಗಡಿಗೆ ಕೊಟ್ಟು ಬರುವ ತಾಪತ್ರಯಕ್ಕೆ ಹೆದರಿ ಜನ ಮೊಂಡು ಚೈನ್‌ನಲ್ಲೇ ಕೊಯ್ಯುತ್ತಾರೆ, ಒತ್ತಿ ಒತ್ತಿ ಕೊಯ್ದಾಗ ಬಾರ್ ಸವೆಯುತ್ತದೆ, ಕ್ಲಚ್ ಕಾಯುತ್ತದೆ, ಕೈ ಸೋಲುತ್ತದೆ, ಸೋತ ಕೈ ತಪ್ಪುತ್ತದೆ. ಹರಿತವಾದ ಚೈನ್ ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ಹೊರಬೀಳುವುದನ್ನು ನೋಡಿ: ಚಕ್ಕೆ ಬೀಳುತ್ತಿದ್ದರೆ ಹಲ್ಲು ಚೆನ್ನಾಗಿದೆ, ನುಣ್ಣನೆಯ ಹುಡಿ ಬೀಳತೊಡಗಿದರೆ ಅಲ್ಲಿಯೇ ನಿಲ್ಲಿಸಿ ಅರ ತೆಗೆಯಿರಿ.

ಇಂದಿನ ಚೈನ್‌ನ ಹಲ್ಲಿಗೆ ಒಂದು ಹಿನ್ನೆಲೆಯಿದೆ. ಮರ ಕಡಿಯುವ ಕಸುಬಿನಲ್ಲಿದ್ದ ಜೋಸೆಫ್ ಕಾಕ್ಸ್ ಎಂಬ ಅಮೆರಿಕದ ವ್ಯಕ್ತಿ, ಮರ ಕೊರೆಯುವ ಹುಳುವಿನ ಮರಿ ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಕೊರೆಯುತ್ತಾ ಸಾಗುವುದನ್ನು 1946ರಲ್ಲಿ ಗಮನಿಸಿ, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿರುವ ಚೈನ್ ರೂಪಿಸಿದರು. ಮರುವರ್ಷ ಅದರ ತಯಾರಿಕೆ ಆರಂಭವಾಯಿತು. ಎರಡೂ ಬದಿಯ ಹಲ್ಲುಗಳು ಸಮನಾಗಿರಬೇಕು ಎಂಬ ನಿಯಮ ಇದರಿಂದಲೇ ಬಂದದ್ದು. ಒಂದು ಬದಿಯದು ಉದ್ದ, ಇನ್ನೊಂದು ಬದಿಯದು ಗಿಡ್ಡವಾದರೆ ಕೊಯ್ತ ನೇರವಾಗಿ ಇಳಿಯದೆ ಬದಿಗೆ ಸೊಟ್ಟಗೆ ಹೋಗುತ್ತದೆ.

ನೀವು ನೋಡುತ್ತಿರುವ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಬರುವುದು 3/8 ಇಂಚಿನ, ಅಂದರೆ ಕೊಂಡಿಗಳ ಅಂತರ ಅಷ್ಟಿರುವ, ತಗ್ಗು ಮಾದರಿಯ ಚೈನ್. ಅದಕ್ಕೆ 4 ಮಿಲಿಮೀಟರ್ ದುಂಡು ಅರ ಬೇಕು, 0.325 ಇಂಚಿನ ಚೈನ್ ಆದರೆ 4.8 ಮಿಲಿಮೀಟರ್. ಬಾರನ್ನು ಅಲುಗಾಡದಂತೆ ಬಿಗಿದು, ಕೈಗವಸು ಹಾಕಿಕೊಂಡು, ಅರವನ್ನು 30 ಡಿಗ್ರಿ ಓರೆಯಲ್ಲಿ ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಮುಟ್ಟಿಸಬಾರದು. ಅರದ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಇರಬೇಕು. ಎರಡು ಮೂರು ತಳ್ಳು ಸಾಕು, ಎಲ್ಲ ಹಲ್ಲಿಗೂ ಅಷ್ಟೇ ಸಲ. ಅರಕ್ಕೆ ಸಿಕ್ಕಿಸುವ ಓರೆಗೆರೆಯ ಮಾರ್ಗದರ್ಶಿ ಸಿಗುತ್ತದೆ, ಆರಂಭದಲ್ಲಿ ಅದನ್ನೇ ಬಳಸಿ.

ಹಲವರು ಮರೆಯುವುದು ಹಲ್ಲಿನ ಮುಂದಿರುವ ಗಿಡ್ಡ ಗುಬುಟನ್ನು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಅರ ಹಾಕಿದಂತೆಲ್ಲ ಹಲ್ಲು ತಗ್ಗುತ್ತದೆ, ಗುಬುಟು ತಗ್ಗುವುದಿಲ್ಲ. ಆದ್ದರಿಂದ ಮೂರು ನಾಲ್ಕು ಸಲ ಹರಿತ ಮಾಡಿದ ಮೇಲೆ ಗೇಜ್ ಇಟ್ಟು ಚಪ್ಪಟೆ ಅರದಿಂದ ಗುಬುಟನ್ನು ಸರಿಮಾಡಬೇಕು. ಅತಿಯಾಗಿ ತೆಗೆದರೆ ಯಂತ್ರ ಜಗ್ಗುತ್ತದೆ, ಕಿಕ್‌ಬ್ಯಾಕ್ ಹೆಚ್ಚುತ್ತದೆ.

ಮಣ್ಣು ಮೆತ್ತಿದ ದಿಮ್ಮಿ, ಒಣಗಿ ಗಟ್ಟಿಯಾದ ಮರ ಕೊಯ್ಯುವವರು ಹಲ್ಲಿನ ಮೂಲೆ ದುಂಡಗಿರುವ ಸೆಮಿ-ಚಿಸೆಲ್ ಚೈನ್ ಕೊಳ್ಳಬೇಕು. ಚೂಪು ಮೂಲೆಯ ಚೈನ್ ಶುದ್ಧ ಹಸಿಮರದಲ್ಲಿ ವೇಗವಾಗಿ ಓಡಿದರೂ ಒಂದು ಹಿಡಿ ಮಣ್ಣಿಗೆ ಸೋಲುತ್ತದೆ. ಹರಿತ ಮಾಡಿದಾಗಲೆಲ್ಲ ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಬಳಸಿದ ಎಂಜಿನ್ ಆಯಿಲನ್ನು ಚೈನ್‌ಗೆ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ಲೋಹದ ಕಣಗಳಿರುತ್ತವೆ, ಅದು ಎಣ್ಣೆಯ ಪಂಪನ್ನು ಸವೆಸುತ್ತದೆ, ಕೊಯ್ದ ಕಡೆಯೆಲ್ಲ ಮಣ್ಣಿಗೆ ಸಿಡಿಯುತ್ತದೆ.

ಹಿತ್ತಲು:

ಯಂತ್ರದ ಜೊತೆಗೆ ಎರಡು ಚೈನ್ ಹೆಚ್ಚಿಗೆ ತೆಗೆದುಕೊಂಡು, ಸರದಿಯಂತೆ ಬಳಸೋಣವೆಂದಿದ್ದೇನೆ. 16 ಇಂಚಿನ ಬಾರ್‌ಗೆ 16 ಇಂಚಿನ ಯಾವ ಚೈನ್ ಆದರೂ ಹೊಂದುತ್ತದೆಯೇ?

ಯಂತ್ರಶಾಲೆ:

ಹೊಂದುವುದಿಲ್ಲ. ಇಂಚು ಕೇಳಿ ಚೈನ್ ಕೊಂಡವರು ಅದನ್ನು ಹಿಂದಿರುಗಿಸಲು ಬರುವುದು ಅಂಗಡಿಗಳಲ್ಲಿ ದಿನನಿತ್ಯದ ಮಾತು. ಮೂರು ಅಂಕಿಗಳು ಒಟ್ಟಿಗೆ ಕೂಡಬೇಕು: ಕೊಂಡಿಗಳ ಅಂತರ, ಬಾರ್‌ನ ಅಂಚಿನ ತೋಡಿನಲ್ಲಿ ಕೂರುವ ಕೊಂಡಿಯ ದಪ್ಪ, ಅಂಥ ಕೊಂಡಿಗಳ ಒಟ್ಟು ಸಂಖ್ಯೆ. 3/8 ಇಂಚಿನ ತಗ್ಗು ಮಾದರಿಯಲ್ಲೇ ಕೆಲವು ಯಂತ್ರಗಳ ಬಾರ್ 1.1 ಮಿಲಿಮೀಟರ್ ದಪ್ಪ ಕೇಳುತ್ತದೆ, ಕೆಲವದರ ಬಾರ್ 1.3. ದಪ್ಪದ ಚೈನ್ ಸಣ್ಣ ತೋಡಿನೊಳಗೆ ಇಳಿಯುವುದೇ ಇಲ್ಲ; ತೆಳ್ಳಗಿನದು ದೊಡ್ಡ ತೋಡಿನಲ್ಲಿ ಇಳಿದು ಓಲಾಡುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. 16 ಇಂಚಿನ ಬಾರ್‌ಗೇ ಒಂದು ಕಂಪನಿ 55 ಕೊಂಡಿ, ಇನ್ನೊಂದು 56, ಮತ್ತೊಂದು 57 ಇಡುತ್ತದೆ. ಈ ಅಂಕಿಗಳು ಬಾರ್‌ನ ಬುಡದಲ್ಲಿ ಅಚ್ಚಾಗಿರುತ್ತವೆ. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಅಚ್ಚು ಅಳಿಸಿದ್ದರೆ ಹಳೆಯ ಚೈನ್‌ನ ಕೊಂಡಿಗಳನ್ನೇ ಎಣಿಸಿ.

ಎರಡು ಮೂರು ಚೈನ್‌ಗಳನ್ನು ಸರದಿಯಲ್ಲಿ ಬಳಸುವುದು ಒಳ್ಳೆಯ ಪದ್ಧತಿ, ಏಕೆಂದರೆ ಚೈನ್ ಮತ್ತು ಹಲ್ಲುಚಕ್ರ ಒಟ್ಟಿಗೆ ಸವೆಯಬೇಕು. ಒಂದೇ ಚೈನನ್ನು ಪೂರ್ತಿ ಸವೆಸಿ ಆಮೇಲೆ ಹೊಸದನ್ನು ಹಾಕಿದರೆ ಸವೆದ ಚಕ್ರ ಹೊಸ ಚೈನನ್ನು ಬೇಗ ತಿನ್ನುತ್ತದೆ. ಚಕ್ರದಲ್ಲಿ ಅರ್ಧ ಮಿಲಿಮೀಟರ್ ಆಳದ ಗುರುತು ಬಿದ್ದಿದ್ದರೆ ಅದನ್ನೂ ಬದಲಿಸಿ. ಹೊಸ ಚೈನ್ ಮೊದಲ ದಿನ ಹಿಗ್ಗುತ್ತದೆ. ಆಗಾಗ ನಿಲ್ಲಿಸಿ, ತಣ್ಣಗಾದ ಮೇಲೆ ಬಿಗಿ ಸರಿಮಾಡಿ. ಕೈಯಿಂದ ಎಳೆದರೆ ಸಲೀಸಾಗಿ ತಿರುಗಬೇಕು, ಬಾರ್‌ನ ಕೆಳಗೆ ಜೋತುಬೀಳಬಾರದು. ಬಿಸಿಯಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದೊಡನೆ ಸಡಿಲಿಸಿ ಇಡಿ, ಇಲ್ಲದಿದ್ದರೆ ತಣ್ಣಗಾಗುವಾಗ ಚೈನ್ ಕುಗ್ಗಿ ಎಂಜಿನ್‌ನ ಬೇರಿಂಗ್ ಮೇಲೆ ಭಾರ ಬೀಳುತ್ತದೆ.